ಸಂಪು ಮೊದಲು, ಟ್ಯಾಂಕು ಆಮೇಲೆ: ಮೈಸೂರಿನ ಮನೆಗಳಲ್ಲಿ ನೀರಿನ ತೊಟ್ಟಿ ತೊಳೆಯುವ ಪೂರ್ತಿ ಕ್ರಮ

ಕಾವೇರಿ ನೀರು ಹೊಂಗಳ್ಳಿ, ಬೆಳಗೊಳ, ಮೇಳಾಪುರಗಳಿಂದಲೂ ಕಬಿನಿ ನೀರು ಬಿದರಗೂಡಿನಿಂದಲೂ ಮೈಸೂರಿಗೆ ಬರುತ್ತದೆ. ಸೋಸಿ, ಕ್ಲೋರಿನ್ ಹಾಕಿಯೇ ಬಿಡುತ್ತಾರೆ. ಆದರೆ ಆ ನೀರು ನಮ್ಮ ಲೋಟಕ್ಕೆ ನೇರವಾಗಿ ಬೀಳುವುದಿಲ್ಲ. ಗೇಟಿನ ಪಕ್ಕದ ಸಂಪಿನಲ್ಲಿ ಒಂದೆರಡು ದಿನ, ತಾರಸಿಯ ಟ್ಯಾಂಕಿನಲ್ಲಿ ಇನ್ನೊಂದು ದಿನ ನಿಂತು ಬರುತ್ತದೆ. ನಿಂತ ನೀರಿನಲ್ಲಿ ಕ್ಲೋರಿನ್ ದಿನದಿಂದ ದಿನಕ್ಕೆ ಕಡಿಮೆಯಾಗುತ್ತದೆ. ತಳದಲ್ಲಿ ಗಸಿ, ಗೋಡೆಯಲ್ಲಿ ಲೋಳೆ ಇದ್ದರೆ ಇನ್ನೂ ಬೇಗ ಖಾಲಿಯಾಗುತ್ತದೆ. ಕುಡಿಯುವುದಕ್ಕೆ ಫಿಲ್ಟರ್ ಇದೆಯಲ್ಲ ಎಂದು ಸುಮ್ಮನಿರುವ ಮನೆಗಳಲ್ಲೂ ಹಲ್ಲುಜ್ಜುವುದು, ಸೊಪ್ಪು ತೊಳೆಯುವುದು, ಮಗುವಿಗೆ ನೀರು ಹಾಕುವುದು ಎಲ್ಲವೂ ಟ್ಯಾಂಕಿನ ನೀರಿನಲ್ಲೇ.

ಕಾವೇರಿ, ಕಬಿನಿ ನೀರು ಮಾತ್ರ ಬರುವ ಮನೆಗೆ ವರ್ಷಕ್ಕೆ ಎರಡು ಸಲ ತೊಳೆದರೆ ಸಾಕು. ಮೊದಲನೆಯದು ಮಳೆಗಾಲದ ಕೆಂಪು ನೀರು ತಿಳಿಯಾದ ಮೇಲೆ, ಮಹಾಲಯ ಅಮಾವಾಸ್ಯೆಗೆ ಮುಂಚಿನ ವಾರ. ಎರಡನೆಯದು ಶಿವರಾತ್ರಿ ಕಳೆದು ಯುಗಾದಿ ಬರುವುದರೊಳಗೆ. ಆಯುಧಪೂಜೆಯ ಹಿಂದಿನ ದಿನಕ್ಕೆ ಈ ಕೆಲಸ ಇಟ್ಟುಕೊಳ್ಳಬೇಡಿ. ಅಂದು ಇಡೀ ಬೀದಿಯೇ ಮನೆ, ಗಾಡಿ ತೊಳೆಯುತ್ತಿರುತ್ತದೆ, ನೀರು ಸಾಲದೆ ನಿಮ್ಮ ಸಂಪು ಖಾಲಿಯೇ ಉಳಿಯಬಹುದು. ಏಪ್ರಿಲ್ ಮತ್ತು ಮೇನಲ್ಲೂ ಬೇಡ. ಬೋರು ನೀರು, ಟ್ಯಾಂಕರ್ ನೀರು ಬೆರೆಯುವ ಮನೆಗಳಲ್ಲಿ ಮೂರು ತಿಂಗಳಿಗೊಮ್ಮೆ ಬೇಕು. ಹಲ್ಲಿಯೋ ಇಲಿಯೋ ಬಿದ್ದು ಸತ್ತಿದ್ದರೆ ಲೆಕ್ಕ ನೋಡದೆ ಆವತ್ತೇ ಖಾಲಿ ಮಾಡಬೇಕು.

ಕ್ರಮ ತಪ್ಪಿದರೆ ಕೆಲಸ ದಂಡ

ಬಹಳ ಮನೆಗಳಲ್ಲಿ ತಾರಸಿಗೆ ಹತ್ತಿ ಟ್ಯಾಂಕು ಹೊಳೆಯುವ ಹಾಗೆ ತೊಳೆಯುತ್ತಾರೆ, ಸಂಪಿಗೆ ಮುಂದಿನ ಭಾನುವಾರ ಎನ್ನುತ್ತಾರೆ. ಅಂದು ಸಂಜೆ ಮೋಟಾರ್ ಹಾಕಿದ ಕೂಡಲೇ ಸಂಪಿನ ಗಸಿ ಮತ್ತೆ ಟ್ಯಾಂಕಿಗೆ ಏರುತ್ತದೆ. ಮೊದಲು ಸಂಪು ತೊಳೆಯಬೇಕು. ಆ ದಿನ ಟ್ಯಾಂಕು ತುಂಬಿರಬೇಕು, ಏಕೆಂದರೆ ಸಂಪು ಉಜ್ಜಿ ತೊಳೆಯಲು ಬೇಕಾದ ನೀರು ಮೇಲಿನಿಂದಲೇ ಬರಬೇಕು. ಸಂಪು ಶುದ್ಧವಾಗಿ, ಹೊಸ ನೀರು ತುಂಬಿದ ಮೇಲೆ ಟ್ಯಾಂಕಿಗೆ ಕೈ ಹಾಕಿ.

ನಿಮ್ಮ ಬೀದಿಗೆ ನೀರು ಬಿಡುವ ದಿನ, ಹೊತ್ತು ಗೊತ್ತಿದ್ದರೆ ಉಳಿದದ್ದು ಸುಲಭ. ನೀರು ಬುಧವಾರ ನಸುಕಿನಲ್ಲಿ ಬರುವುದಾದರೆ ಹೀಗೆ ಲೆಕ್ಕ ಹಾಕಿ. ಭಾನುವಾರದಿಂದಲೇ ಸಂಪಿಗೆ ನೀರು ಬರುವ ವಾಲ್ವ್ ಮುಚ್ಚಿ, ಒಳಗಿರುವ ನೀರನ್ನು ಬಳಸುತ್ತಾ ಬನ್ನಿ. ಸೋಮವಾರ ರಾತ್ರಿ ಮೋಟಾರ್ ಹಾಕಿ ಟ್ಯಾಂಕು ತುಂಬಿಸಿ. ಮಂಗಳವಾರ ಬೆಳಗ್ಗೆ ಸಂಪಿನಲ್ಲಿ ಮೊಣಕಾಲುದ್ದ ನೀರು ಮಾತ್ರ ಉಳಿದಿರುತ್ತದೆ. ಅಂದು ಸಂಪು ತೊಳೆದು, ಸಂಜೆ ವಾಲ್ವ್ ತೆರೆದು ಬಿಡಿ. ಬುಧವಾರ ಹೊಸ ನೀರು ತುಂಬುತ್ತದೆ, ಗುರುವಾರ ಟ್ಯಾಂಕಿನ ಕೆಲಸ. ಹೀಗೆ ಮಾಡಿದರೆ ಚರಂಡಿಗೆ ಹೋಗುವ ನೀರು ಕೆಲವು ನೂರು ಲೀಟರ್ ಮಾತ್ರ. ತುಂಬಿದ ಸಂಪನ್ನು ಮೋಟಾರ್ ಇಟ್ಟು ಬೀದಿಗೆ ಹರಿಸುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದಕ್ಕೆ ಯಾವ ಕಾರಣವೂ ಇಲ್ಲ.

ಸಂಪಿನಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ಬರೆದಿಡಿ. ಉದ್ದ, ಅಗಲ, ನೀರಿನ ಎತ್ತರ ಮೂರನ್ನೂ ಅಡಿಯಲ್ಲಿ ಅಳೆದು ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 6 ಅಡಿ ಉದ್ದ, 6 ಅಡಿ ಅಗಲ, 6 ಅಡಿ ಆಳದ ಸಂಪಿಗೆ ಸುಮಾರು 6,100 ಲೀಟರ್. ಉದ್ದ 8 ಅಡಿ ಇದ್ದರೆ ಸುಮಾರು 8,150. ಮುಂದೆ ಬ್ಲೀಚಿಂಗ್ ಪೌಡರ್ ಅಳೆಯಲು ಈ ಲೆಕ್ಕ ಬೇಕಾಗುತ್ತದೆ.

ಮುಚ್ಚಳ ತೆಗೆದು ಮೊದಲು ನೋಡಿ

ನೀರು ಇಳಿಸುವ ಮುಂಚೆಯೇ, ಬೆಳಗ್ಗೆ ಹೊತ್ತಿನಲ್ಲಿ, ಮುಚ್ಚಳ ತೆಗೆದು ಟಾರ್ಚ್ ಹಾಕಿ ನೋಡಿ. ಬಾಯಿಯ ಅಂಚಿನಿಂದ ಗೋಡೆಯ ಮೇಲೆ ಕಂದು ಬಣ್ಣದ ಗೆರೆಗಳು ಇಳಿದಿವೆಯೇ? ಇದ್ದರೆ ಪೋರ್ಟಿಕೋ ತೊಳೆದ ನೀರು, ಬಾಗಿಲಿಗೆ ಹಾಕಿದ ನೀರು, ಗಾಡಿ ತೊಳೆದ ನೀರು ಮುಚ್ಚಳದ ಸಂದಿಯಿಂದ ಒಳಗೆ ಇಳಿಯುತ್ತಿದೆ. ರಂಗೋಲಿ ಪುಡಿ, ಚಪ್ಪಲಿಯ ಮಣ್ಣು, ನಾಯಿ ಬೆಕ್ಕಿನ ಗಲೀಜು ಎಲ್ಲಕ್ಕೂ ಅದೇ ದಾರಿ. ನಮ್ಮ ಊರಿನ ಮನೆಗಳಲ್ಲಿ ಸಂಪು ಕೆಡುವುದಕ್ಕೆ ಮುಖ್ಯ ಕಾರಣ ಇದೇ ಎಂದು ನನ್ನ ಗಟ್ಟಿ ಅಭಿಪ್ರಾಯ. ತೊಳೆದ ಮೇಲೆ ಮುಚ್ಚಳ ಸರಿ ಮಾಡದಿದ್ದರೆ ತಿಂಗಳಲ್ಲೇ ಹಳೆಯ ಸ್ಥಿತಿ.

ಬೆಳಕು ಬಿದ್ದ ಕೂಡಲೇ ನುಲಿಯುತ್ತಾ ಕೆಳಗಿಳಿಯುವ ಸಣ್ಣ ಹುಳುಗಳು ಕಂಡರೆ ಅವು ಸೊಳ್ಳೆಯ ಮರಿಗಳು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೊಳಚೆ ಬೇಡ, ಇಂಥ ತಿಳಿ ನೀರೇ ಬೇಕು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ. ಅದು ಮೊಟ್ಟೆ ಇಡುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಒದ್ದೆ ಗೋಡೆಗೆ ಅಂಟಿಸಿ. ನೀರು ಇಳಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಒಣಗಿ ಕಾದು, ಮತ್ತೆ ನೀರು ಮುಟ್ಟಿದಾಗ ಒಡೆಯುತ್ತದೆ. ಬರೀ ನೀರು ಖಾಲಿ ಮಾಡಿ ತುಂಬಿಸಿದರೆ ಸೊಳ್ಳೆ ಹೋಗದಿರುವುದು ಇದಕ್ಕೇ. ನೀರಿನ ಮಟ್ಟದ ಗೆರೆಯ ಸುತ್ತ ಒಂದು ಅಡಿ ಗೋಡೆಯನ್ನು ಬ್ರಷ್ ಒತ್ತಿ ಉಜ್ಜಲೇಬೇಕು.

ಸೋರಿಕೆ ಇದೆಯೇ ಎಂಬುದನ್ನೂ ತೊಳೆಯುವ ಮುಂಚಿನ ವಾರ ಪರೀಕ್ಷಿಸಿಬಿಡಿ. ರಾತ್ರಿ ವಾಲ್ವ್ ಮುಚ್ಚಿ, ಮೋಟಾರ್ ನಿಲ್ಲಿಸಿ, ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ, 24 ಗಂಟೆ ಬಿಟ್ಟು ನೋಡಿ. 6 ಅಡಿ ಚೌಕದ ಸಂಪಿನಲ್ಲಿ ಒಂದು ಸೆಂಟಿಮೀಟರ್ ಇಳಿದಿದ್ದರೆ ಸುಮಾರು 33 ಲೀಟರ್ ಹೋಗಿದೆ ಎಂದರ್ಥ. ಇಳಿಯುವುದಕ್ಕಿಂತ ಹೆಚ್ಚು ಅಪಾಯ ಮಟ್ಟ ಏರುವುದರಲ್ಲಿದೆ. ನೀರು ಬಿಡದ ದಿನ ಏರಿದ್ದರೆ ಹೊರಗಿನ ನೀರು ಒಳಗೆ ಜಿನುಗುತ್ತಿದೆ. ಪಕ್ಕದಲ್ಲೇ ಒಳಚರಂಡಿಯ ಚೇಂಬರ್ ಇದ್ದರೆ, ಗೋಡೆ ದುರಸ್ತಿಯಾಗುವವರೆಗೆ ಆ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ. ಕೆರೆಯ ಕೆಳಗಿನ ಬಡಾವಣೆಗಳಲ್ಲಿ, ಮಂಡ್ಯದ ನಾಲೆ ಬಯಲಿನ ಮನೆಗಳಲ್ಲಿ ಮಳೆಗಾಲದ ಹೊತ್ತಿಗೆ ಅಂತರ್ಜಲ ಮೇಲೆ ಬಂದು ಹೀಗಾಗುವುದು ಅಪರೂಪವಲ್ಲ.

ಒಳಗೆ ಇಳಿಯುವ ವಿಚಾರ

ಸಂಪಿನ ಗಾಳಿ ಕಣ್ಣಿಗೆ ಕಾಣದೆ ಜೀವ ತೆಗೆಯುತ್ತದೆ. ಬಹಳ ದಿನ ಮುಚ್ಚಿದ ಸಂಪಿನಲ್ಲಿ ಕೊಳೆಯುವ ಎಲೆ, ಗಸಿ, ತುಕ್ಕು ಹಿಡಿಯುವ ಕಬ್ಬಿಣ ಇವೆಲ್ಲ ಆಮ್ಲಜನಕವನ್ನು ಎಳೆದುಕೊಳ್ಳುತ್ತವೆ. ಹೊಸದಾಗಿ ಕಟ್ಟಿದ ಸಂಪಿನಲ್ಲಿ ಸೆಂಟ್ರಿಂಗ್ ಹಲಗೆ ಒದ್ದೆಯಾಗಿ ಕೊಳೆತು ಇದೇ ಕೆಲಸ ಮಾಡುತ್ತದೆ. ಸೆಂಟ್ರಿಂಗ್ ಬಿಚ್ಚಲು ಇಳಿದ ಕಾರ್ಮಿಕರು, ಅವರನ್ನು ಎತ್ತಲು ಹಿಂದೆಯೇ ಇಳಿದವರು ಒಟ್ಟಿಗೆ ಸತ್ತ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಒಳಚರಂಡಿ ಜಿನುಗುತ್ತಿದ್ದರೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಕೂಡ ಸೇರುತ್ತದೆ. ಆ ಅನಿಲ ಹೆಚ್ಚಿದ್ದಾಗ ಮೂಗೇ ಮರಗಟ್ಟುತ್ತದೆ, ಹಾಗಾಗಿ ವಾಸನೆ ಇಲ್ಲ ಎಂಬುದು ಭರವಸೆಯಲ್ಲ. ಮೇಣದಬತ್ತಿ ಇಳಿಸಿ ನೋಡುವ ರೂಢಿಯನ್ನೂ ನಂಬಬೇಡಿ. ಅದು ಆಮ್ಲಜನಕ ತೀರಾ ಕಡಿಮೆಯಾದರೆ ಮಾತ್ರ ಆರುತ್ತದೆ, ವಿಷದ ಗಾಳಿಯನ್ನು ತೋರಿಸುವುದಿಲ್ಲ, ಚರಂಡಿಯ ಮೀಥೇನ್ ಇದ್ದರೆ ಹೊತ್ತಿಕೊಳ್ಳಬಹುದು.

ಹಾಗಾಗಿ ಇಳಿಯದೆ ಮಾಡಬಹುದಾದದ್ದನ್ನೆಲ್ಲ ಮೇಲಿನಿಂದಲೇ ಮಾಡಿ. ಐದು ಅಡಿ ಆಳದ ಸಂಪನ್ನು ಉದ್ದ ಹಿಡಿಯ ನೈಲಾನ್ ಬ್ರಷ್, ಬಾಡಿಗೆಗೆ ಸಿಗುವ ಮಡ್ ಪಂಪ್, ಟ್ಯಾಂಕಿನಿಂದ ಬರುವ ಹೋಸ್ ಪೈಪು ಇಷ್ಟರಲ್ಲೇ ಚೆನ್ನಾಗಿ ತೊಳೆಯಬಹುದು. ಆರು ಅಡಿಗಿಂತ ಆಳವಿದ್ದರೆ, ಒಳಗೆ ಅಡ್ಡಗೋಡೆ ಇದ್ದರೆ, ಚರಂಡಿಯ ವಾಸನೆ ಇದ್ದರೆ ಗಾಳಿ ಪರೀಕ್ಷಿಸುವ ಮೀಟರ್ ಇರುವ ತಂಡವನ್ನೇ ಕರೆಸಿ.

ಇಳಿಯಲೇಬೇಕಾದರೆ ಕೆಳಗಿನವುಗಳಲ್ಲಿ ಒಂದನ್ನೂ ಬಿಡುವಂತಿಲ್ಲ.

1. ಮುಚ್ಚಳ ತೆರೆದು ಕನಿಷ್ಠ ಒಂದು ಗಂಟೆ ಬಿಡಿ. ಟೇಬಲ್ ಫ್ಯಾನ್ ಅಥವಾ ಬ್ಲೋವರನ್ನು ಒಣ ಜಾಗದಲ್ಲಿ, ಬಾಯಿಯಿಂದ ದೂರ ಕಟ್ಟಿ ಗಾಳಿ ಒಳಗೆ ಹೋಗುವಂತೆ ಹಾಕಿ. ಕೆಲಸ ಮುಗಿಯುವವರೆಗೂ ಅದು ಓಡುತ್ತಿರಲಿ.
2. ಮೋಟಾರಿನ ಎಂಸಿಬಿ (ಕರೆಂಟ್ ಬೋರ್ಡಿನಲ್ಲಿರುವ ಟ್ರಿಪ್ ಸ್ವಿಚ್) ಇಳಿಸಿ, ಅದರ ಮೇಲೆ ಚೀಟಿ ಅಂಟಿಸಿ. ಆಟೋಮ್ಯಾಟಿಕ್ ಕಂಟ್ರೋಲರ್ ಇರುವ ಮನೆಗಳಲ್ಲಿ ಟ್ಯಾಂಕಿನ ನೀರು ಇಳಿದ ಕೂಡಲೇ ಮೋಟಾರ್ ತಾನಾಗಿ ಶುರುವಾಗುತ್ತದೆ. ಸ್ವಿಚ್ ಆಫ್ ಮಾಡಿದ್ದೇನೆ ಎಂದರೆ ಸಾಲದು.
3. ವೈರಿಗೆ ಬಲ್ಬ್ ಕಟ್ಟಿ ಇಳಿಸಬೇಡಿ. ಬ್ಯಾಟರಿ ಟಾರ್ಚ್, ತಲೆಗೆ ಕಟ್ಟುವ ಲೈಟು ಮಾತ್ರ. ಮಡ್ ಪಂಪಿನ ವೈರು, ಕರೆಂಟ್ ಸೋರಿದ ಕೂಡಲೇ ತಾನಾಗಿ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇರುವ ಪಾಯಿಂಟಿನಿಂದಲೇ ಬರಲಿ, ಒಳಗೆ ಜನ ಇರುವಾಗ ಆ ಪಂಪ್ ಓಡಬಾರದು. ಪೆಟ್ರೋಲ್ ಎಂಜಿನ್ ಪಂಪನ್ನು ಸಂಪಿನ ಒಳಗೆ ಅಥವಾ ಬಾಯಿಯ ಪಕ್ಕ ಇಡಬೇಡಿ, ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ.
4. ಇಳಿಯುವವರ ಎದೆಗೆ ಕಂಕುಳ ಕೆಳಗಿನಿಂದ ಹಗ್ಗ ಕಟ್ಟಿ, ಇನ್ನೊಂದು ತುದಿ ಮೇಲಿರುವ ಇಬ್ಬರ ಕೈಯಲ್ಲಿರಲಿ. ಮೇಲಿನವರು ಮಾತಾಡಿಸುತ್ತಲೇ ಇರಬೇಕು. ತಲೆ ಭಾರ, ಏದುಸಿರು ಎಂದ ತಕ್ಷಣ ಮೇಲೆ ಎಳೆದುಕೊಳ್ಳಿ.
5. ಒಳಗಿನವರು ಕುಸಿದರೆ ಯಾರೂ ಹಿಂದೆ ಇಳಿಯಬಾರದು. ಹಗ್ಗ ಎಳೆಯಿರಿ, ಫ್ಯಾನು ಪೂರ್ತಿ ಹಾಕಿ, 112ಕ್ಕೆ ಕರೆ ಮಾಡಿ.

ಮಕ್ಕಳು, ಉಬ್ಬಸ ಇರುವವರು, ವಯಸ್ಸಾದವರು ಇಳಿಯುವುದು ಬೇಡ. ಮನೆಯಲ್ಲಿ ಒಬ್ಬರೇ ಇರುವ ದಿನ ಈ ಕೆಲಸವೇ ಬೇಡ.

ಸಂಪು ತೊಳೆಯುವುದು

ಮನೆಯ ಮೋಟಾರಿನಿಂದ ನೀರು ಎಳೆಯುವುದನ್ನು, ಸಂಪಿನೊಳಗಿನ ಪೈಪಿನ ತುದಿಯಲ್ಲಿರುವ ಫುಟ್‌ವಾಲ್ವ್‌ನ ಮೇಲೆ ಅರ್ಧ ಅಡಿ ನೀರು ಇರುವಾಗಲೇ ನಿಲ್ಲಿಸಿ. ಅದಕ್ಕಿಂತ ಇಳಿದರೆ ಗಾಳಿ ಎಳೆದು ಮೋಟಾರ್ ಒಣದಾಗಿ ಓಡುತ್ತದೆ, ಮೆಕ್ಯಾನಿಕಲ್ ಸೀಲ್ ಸುಟ್ಟು ಆಮೇಲೆ ಹನಿ ಹನಿ ಸೋರಲು ಶುರುವಾಗುತ್ತದೆ. ತಳದ ಕೆಸರನ್ನು ಈ ಮೋಟಾರಿನಿಂದ ಎಳೆಯುವುದಂತೂ ಕೂಡದು. ಮರಳು ಮೋಟಾರಿನೊಳಗೆ ತಿರುಗುವ ಇಂಪೆಲ್ಲರನ್ನು ತೇಯುತ್ತದೆ, ಕಸ ಫುಟ್‌ವಾಲ್ವ್‌ನ ಒಳಗೆ ಸಿಕ್ಕಿ ಅದು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಮರುದಿನದಿಂದ ಪ್ರತಿ ಸಲವೂ ಮೋಟಾರಿಗೆ ನೀರು ಹಾಕಿಯೇ ಶುರು ಮಾಡಬೇಕಾಗುತ್ತದೆ.

ಉಳಿದ ಅರ್ಧ ಅಡಿ ನೀರಿನಲ್ಲೇ ಗೋಡೆ ಉಜ್ಜಿ. ಮೇಲಿನಿಂದ ಕೆಳಕ್ಕೆ, ಮೂಲೆಗಳಿಗೆ ಹೆಚ್ಚು ಹೊತ್ತು. ತಂತಿ ಬ್ರಷ್ ಬೇಡ, ಪ್ಲಾಸ್ಟರಿನ ಮೇಲ್ಪದರ ಎದ್ದು ಮುಂದಿನ ಸಲ ಲೋಳೆ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಸೋಪಿನ ಪುಡಿ, ಫಿನೈಲು, ಟಾಯ್ಲೆಟ್ ಕ್ಲೀನರ್ ಯಾವುದೂ ಬೇಡ. ಬೋರು ನೀರಿನ ಬಿಳಿ ಕಟ್ಟು ಬಿಡಿಸಲು ಆಸಿಡ್ ಸುರಿಯುವವರಿದ್ದಾರೆ. ಆಸಿಡ್ ಸಿಮೆಂಟನ್ನು ತಿನ್ನುತ್ತದೆ. ಆಮೇಲೆ ಅದೇ ಗೋಡೆಗೆ ಬ್ಲೀಚಿಂಗ್ ನೀರು ಹಾಕಿದರೆ ಕ್ಲೋರಿನ್ ಅನಿಲ ಏಳುತ್ತದೆ, ಸಂಪಿನಂಥ ಮುಚ್ಚಿದ ಜಾಗದಲ್ಲಿ ಅದು ಶ್ವಾಸಕೋಶವನ್ನೇ ಸುಡುತ್ತದೆ. ಬಿಳಿ ಕಟ್ಟಿನಿಂದ ಆರೋಗ್ಯಕ್ಕೆ ತೊಂದರೆಯಿಲ್ಲ. ಬ್ರಷ್ಷಿಗೆ ಬಂದಷ್ಟು ಬರಲಿ, ಉಳಿದದ್ದು ಇರಲಿ.

ಉಜ್ಜಿ ಎದ್ದ ಕೆಸರನ್ನು ಮಡ್ ಪಂಪಿನಿಂದ ಹೊರಹಾಕಿ. ಪಂಪ್ ಇಲ್ಲದಿದ್ದರೆ ಹಗ್ಗ ಕಟ್ಟಿದ ಬಕೆಟ್, ಮಗ್ಗು, ಕೊನೆಗೆ ಸ್ಪಂಜು. ಈ ನೀರಿನಲ್ಲಿ ಬ್ಲೀಚಿಂಗ್ ಇಲ್ಲವಾದ್ದರಿಂದ ತೆಂಗಿನ ಬುಡಕ್ಕೆ, ಗಿಡಗಳಿಗೆ ಧಾರಾಳವಾಗಿ ಹಾಕಬಹುದು. ಟ್ಯಾಂಕಿನ ನೀರಿನಲ್ಲಿ ಎರಡು ಸಲ ಜಾಲಿಸಿ, ಎರಡನೇ ಸಲದ ನೀರನ್ನು ಸ್ಟೀಲ್ ಲೋಟದಲ್ಲಿ ಹಿಡಿದು ನೋಡಿ. ತಳ ಕಂಡರೆ ಉಜ್ಜುವ ಕೆಲಸ ಮುಗಿಯಿತು.

ಖಾಲಿ ಸಂಪು ವರ್ಷಕ್ಕೆರಡೇ ಸಲ ಕಣ್ಣಿಗೆ ಬೀಳುವುದು. ನೆಲ ಗೋಡೆ ಸೇರುವ ಮೂಲೆ, ಪೈಪು ಒಳಬರುವ ತೂತು ಈ ಎರಡು ಕಡೆ ಬಿರುಕು ಹುಡುಕಿ. ಕೂದಲಿನಂಥ ಬೇರು ಇಣುಕುತ್ತಿದ್ದರೆ ಪಕ್ಕದ ತೆಂಗೋ ನುಗ್ಗೆಯೋ ಒಳಗೆ ದಾರಿ ಮಾಡಿಕೊಂಡಿದೆ. ಬೇರು ಕತ್ತರಿಸಿ, ಬಿರುಕನ್ನು ಇಂಗ್ಲಿಷಿನ 'ವಿ' ಆಕಾರದಲ್ಲಿ ಸ್ವಲ್ಪ ಅಗಲಿಸಿ, ವಾಟರ್‌ಪ್ರೂಫಿಂಗ್ ಕಾಂಪೌಂಡ್ ಬೆರೆಸಿದ ಸಿಮೆಂಟ್ ಗಾರೆ ಒತ್ತಿ ತುಂಬಿಸಿ. ಡಬ್ಬಿಯ ಮೇಲೆ ಕುಡಿಯುವ ನೀರಿನ ತೊಟ್ಟಿಗೆ ಆಗುತ್ತದೆ ಎಂದು ಬರೆದಿರುವ ಕಾಂಪೌಂಡನ್ನೇ ಕೊಳ್ಳಿ. ಡಾಂಬರು, ಮಾಮೂಲಿ ಪೇಂಟು ಒಳಗೆ ಬಳಿಯಬೇಡಿ. ಗಾರೆ ಹಾಕಿದ್ದರೆ ಒದ್ದೆಯಾಗಿಟ್ಟು ಕ್ಯೂರಿಂಗ್ ಮಾಡಬೇಕು, ಮೊದಲು ತುಂಬಿದ ನೀರನ್ನು ಕುಡಿಯಲು ಬಳಸಬಾರದು.

ಬ್ಲೀಚಿಂಗ್: ಅಳತೆ ತಪ್ಪಬಾರದು

ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಶೇ 30ರಿಂದ 33ರಷ್ಟು ಕ್ಲೋರಿನ್ ಇರುತ್ತದೆ. ಪ್ಯಾಕೆಟ್ ಒಡೆದು ಬಿಸಿಲು, ತೇವ ತಗುಲಿದರೆ ಶಕ್ತಿ ಇಳಿಯುತ್ತಲೇ ಹೋಗುತ್ತದೆ. ಕಳೆದ ವರ್ಷದ, ಗಂಟು ಕಟ್ಟಿದ, ವಾಸನೆಯೇ ಇಲ್ಲದ ಪೌಡರ್ ಬರೀ ಸುಣ್ಣ. ಪ್ರತಿ ಸಲ ಸಣ್ಣ ಪ್ಯಾಕೆಟ್ ಹೊಸದಾಗಿ ತನ್ನಿ.

ಗೋಡೆ ಸವರಲು 10 ಲೀಟರ್ ನೀರಿಗೆ 10 ಗ್ರಾಂ ಪೌಡರ್, ಅಂದರೆ ಮಟ್ಟ ಮಾಡಿದ ಸುಮಾರು ಮೂರು ಟೀ ಚಮಚ. ಲೆಕ್ಕದ ಪ್ರಕಾರ 7 ಗ್ರಾಂ ಸಾಕು, ಅಂಗಡಿಯಲ್ಲಿ ಕೂತು ಕಳೆದ ಶಕ್ತಿಗೆ 3 ಗ್ರಾಂ ಹೆಚ್ಚು. ಇದರಿಂದ ಲೀಟರಿಗೆ 200 ಮಿಲಿಗ್ರಾಂ ಕ್ಲೋರಿನ್ ಇರುವ ದ್ರಾವಣವಾಗುತ್ತದೆ. ಪೌಡರ್ ಬದಲು ವಾಸನೆ, ಬಣ್ಣ ಬೆರೆಸದ ಶೇ 5ರ ಸೋಡಿಯಂ ಹೈಪೋಕ್ಲೋರೈಟ್ ಇದ್ದರೆ 40 ಮಿಲಿಲೀಟರ್. ಪೌಡರನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ಕಾಲು ಗಂಟೆ ಬಿಟ್ಟು ಮೇಲಿನ ತಿಳಿಯನ್ನು ಮಾತ್ರ ಬಳಸಿ. ತಳದಲ್ಲಿ ಕೂರುವುದು ಸುಣ್ಣ, ಅದು ಒಳಗೆ ಹೋದರೆ ನಲ್ಲಿಯ ಜಾಲರಿಗಳು ಕಟ್ಟುತ್ತವೆ. ಕಬ್ಬಿಣದ ಬಕೆಟ್ ಬೇಡ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ.

ಸವರಲು ಹೊಸ ಪೇಂಟ್ ರೋಲರಿಗೆ ಉದ್ದ ಕೋಲು ಸಿಕ್ಕಿಸಿಕೊಳ್ಳಿ. ಹೊರಗೆ ನಿಂತೇ ನಾಲ್ಕೂ ಗೋಡೆ, ನೆಲ, ಮುಚ್ಚಳದ ಒಳಮೈ ಎಲ್ಲಕ್ಕೂ ಎಟುಕುತ್ತದೆ. 6 ಅಡಿ ಚೌಕದ ಸಂಪಿಗೆ ಎರಡು ಬಕೆಟ್ ದ್ರಾವಣ ಸಾಕು. ಗೋಡೆ ಅರ್ಧ ಗಂಟೆ ಒದ್ದೆಯಾಗಿಯೇ ಇರಬೇಕು, ಒಣಗುತ್ತಿದ್ದರೆ ಮತ್ತೊಮ್ಮೆ ಸವರಿ. ಆಮೇಲೆ ಒಳ್ಳೆಯ ನೀರಿನಲ್ಲಿ ಜಾಲಿಸಿ ಹೊರಹಾಕಿ. ಈ ನೀರು ಗಿಡಗಳಿಗೆ ಬೇಡ, ಬಚ್ಚಲಿಗೆ ಸುರಿಯಿರಿ.

ಹೊಸ ನೀರು ಬರುವಾಗ ಇನ್ನೊಂದು ಎಚ್ಚರ ಬೇಕು. ನೀರು ಬಿಡದ ಹೊತ್ತಿನಲ್ಲಿ ಬೀದಿಯ ಪೈಪು ಖಾಲಿಯಿರುತ್ತದೆ, ಎಲ್ಲಾದರೂ ಜಾಯಿಂಟ್ ಸಡಿಲವಿದ್ದರೆ ಸುತ್ತಲಿನ ಕೊಳೆ ಒಳಗೆ ಸೇರಿಕೊಳ್ಳುತ್ತದೆ. ಮೊದಲ ಐದು ನಿಮಿಷದ ಬಗ್ಗಡ ಅದೇ. ಮೀಟರ್ ದಾಟಿದ ಮೇಲೆ, ಸಂಪಿಗೆ ಮುಂಚೆ ಒಂದು ನಲ್ಲಿ ಕೂರಿಸಿ, ಮೊದಲ ಎರಡು ಮೂರು ಬಕೆಟ್ ಅಲ್ಲೇ ಹಿಡಿದು ಗಿಡಕ್ಕೆ ಹಾಕಿ. ಪೈಪಿಗೆ ನೇರ ಮೋಟಾರ್ ಹಚ್ಚಿ ಎಳೆಯುವವರು ಬೀದಿಯಲ್ಲಿದ್ದರೆ ಈ ಕೊಳೆ ಇನ್ನೂ ಹೆಚ್ಚು. ಅದು ಕಾನೂನಿಗೆ ವಿರುದ್ಧ, ಪಕ್ಕದ ಮನೆಯವರ ಆರೋಗ್ಯಕ್ಕೆ ಮಾಡುವ ದ್ರೋಹ ಕೂಡ.

ತಾರಸಿಯ ಟ್ಯಾಂಕು

ಟ್ಯಾಂಕು ಸಣ್ಣದು, ಆದರೆ ಅದಕ್ಕೆ ಅಂಟಿಕೊಂಡಿರುವ ಸಾಮಾನು ಹೆಚ್ಚು. ಮೊದಲನೆಯದು ಸೋಲಾರ್. ಟ್ಯಾಂಕಿನಿಂದ ಸೋಲಾರ್‌ಗೆ ಹೋಗುವ ತಣ್ಣೀರಿನ ಗೇಟ್‌ವಾಲ್ವನ್ನು ನೀರು ಇಳಿಸುವ ಮುಂಚೆಯೇ ಮುಚ್ಚಿ. ಇಲ್ಲವಾದರೆ ಗಾಜಿನ ಟ್ಯೂಬುಗಳಿಗೆ ನೀರು ಸಾಲದೆ ಅವು ಬಿಸಿಲಿಗೆ ಒಣಗಿ ಕಾಯುತ್ತವೆ, ಮಧ್ಯಾಹ್ನ ತಣ್ಣೀರು ನುಗ್ಗಿದ ಕೂಡಲೇ ಬಿರಿಯುತ್ತವೆ. ಅಂದು ಬಿಸಿನೀರಿನ ನಲ್ಲಿಯನ್ನೂ ಯಾರೂ ತೆರೆಯದಿರಲಿ. ಕೆಲಸವನ್ನು ಬೆಳಗ್ಗೆ ಆರಕ್ಕೇ ಶುರು ಮಾಡಿ ಬಿಸಿಲೇರುವುದರೊಳಗೆ ಮುಗಿಸಿ. ಆರ್‌ಒ ಫಿಲ್ಟರ್, ವಾಷಿಂಗ್ ಮಷಿನ್, ಗೀಸರ್ ಇವುಗಳ ನಲ್ಲಿಗಳನ್ನೂ ಮುಚ್ಚಿಡಿ. ಗಾಢ ಕ್ಲೋರಿನ್ ಆರ್‌ಒ ಮೆಂಬ್ರೇನನ್ನು ಹಾಳು ಮಾಡುತ್ತದೆ.

ಸಿಂಟೆಕ್ಸ್ ಮಾದರಿಯ ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಮನೆಗೆ ಹೋಗುವ ಔಟ್‌ಲೆಟ್ ತಳದಿಂದ ಎರಡು ಮೂರು ಅಂಗುಲ ಮೇಲಿರುತ್ತದೆ. ಗಸಿ ಅದರ ಕೆಳಗೆ ಕೂರಲಿ ಎಂದೇ ಹಾಗೆ. ಗಸಿ ತೆಗೆಯಲು ತಳದಲ್ಲಿ ಬೇರೆ ವಾಶ್‌ಔಟ್ ಇರಬೇಕು. ಇಲ್ಲದಿದ್ದರೆ ಪ್ಲಂಬರ್ ಬಂದಾಗ ಒಂದು ಕೂರಿಸಿಕೊಳ್ಳಿ, ಮುಂದಿನ ಎಲ್ಲ ಸಲದ ಶ್ರಮ ಅರ್ಧವಾಗುತ್ತದೆ. ಈ ಸಲ ಔಟ್‌ಲೆಟ್ ಬಾಯಿಗೆ ಒಳಗಿನಿಂದ ಬಟ್ಟೆ ತುರುಕಿ, ಒಂದು ಗೇಣು ನೀರಿನಲ್ಲಿ ಒಳಮೈ ಉಜ್ಜಿ, ಮಗ್ಗು ಸ್ಪಂಜುಗಳಿಂದ ಹೊರತೆಗೆಯಿರಿ. ಬಟ್ಟೆಗೆ ದಾರ ಕಟ್ಟಿರಲಿ, ಪೈಪಿನೊಳಗೆ ಜಾರಿದರೆ ಗೋಡೆ ಒಡೆಯಬೇಕಾದೀತು. ಪ್ಲಾಸ್ಟಿಕ್ಕಿಗೆ ಮೆದು ಬ್ರಷ್ ಅಥವಾ ಬಟ್ಟೆ ಸಾಕು, ಗೀರು ಬಿದ್ದಲ್ಲಿ ಲೋಳೆ ನೆಲೆಯೂರುತ್ತದೆ. ಎಷ್ಟು ತೊಳೆದರೂ ಹಸಿರು ಪಾಚಿ ಮರಳಿ ಬರುತ್ತಿದ್ದರೆ ಎಲ್ಲಿಂದಲೋ ಬೆಳಕು ಒಳಗೆ ಬರುತ್ತಿದೆ. ಮುಚ್ಚಳ ಬಿರಿದಿದೆಯೇ, ಹಳೆಯ ಟ್ಯಾಂಕಿನ ಮೈ ತೆಳುವಾಗಿದೆಯೇ ನೋಡಿ. ಬಾಲ್‌ವಾಲ್ವ್‌ನ ಫ್ಲೋಟಿನ ಅಡಿಭಾಗ ಉಜ್ಜುವುದನ್ನು ಮರೆಯಬೇಡಿ, ಏರ್ ಪೈಪಿಗೆ ಮತ್ತು ಓವರ್‌ಫ್ಲೋ ಪೈಪಿಗೆ ಸಣ್ಣ ಕಣ್ಣಿನ ನೈಲಾನ್ ಜಾಲರಿ ಕಟ್ಟಿ.

ಮನೆಯೊಳಗಿನ ಪೈಪುಗಳಿಗೂ ಕ್ಲೋರಿನ್ ತಲುಪಬೇಕು. ತೊಳೆದ ಟ್ಯಾಂಕಿಗೆ 300 ಲೀಟರ್ ನೀರು ಹಿಡಿದು, 50 ಗ್ರಾಂ ಬ್ಲೀಚಿಂಗ್ ಪೌಡರಿನ ತಿಳಿಯನ್ನು ಬೆರೆಸಿ. ಕೆಳಗೆ ಬಂದು ಒಂದೊಂದೇ ನಲ್ಲಿಯನ್ನು ವಾಸನೆ ಬರುವವರೆಗೆ ತೆರೆದು ಮುಚ್ಚಿ, ಎರಡು ಗಂಟೆ ಬಿಡಿ. ಮನೆಯವರಿಗೆಲ್ಲ ಮೊದಲೇ ಹೇಳಿರಿ, ಈ ನೀರನ್ನು ಯಾರೂ ಬಾಯಿಗೆ ಹಾಕಬಾರದು. ಆಮೇಲೆ ಎಲ್ಲ ನಲ್ಲಿಗಳಿಂದಲೂ ಹರಿಸಿ ಖಾಲಿ ಮಾಡಿ, ಹೊಸ ನೀರು ತುಂಬಿಸಿ, ವಾಸನೆ ಹೋಗುವವರೆಗೆ ಮತ್ತೆ ಹರಿಸಿ. ಹರಿಯುವ ನೀರು ಸ್ನಾನದ ಮನೆ, ಕಕ್ಕಸು ತೊಳೆಯಲು ಬಂತು. ಅಗ್ರಹಾರ, ಚಾಮರಾಜಪುರಂ, ಲಕ್ಷ್ಮೀಪುರಂ ಕಡೆಯ ಹಳೆಯ ಮನೆಗಳಲ್ಲಿ ಇನ್ನೂ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಇದ್ದರೆ ಒಂದು ಗಂಟೆಗೇ ನಿಲ್ಲಿಸಿ, ತುಕ್ಕು ಎದ್ದು ಒಂದು ದಿನ ಕೆಂಪು ನೀರು ಬರಬಹುದು. ನಲ್ಲಿಯ ತುದಿಯ ಜಾಲರಿಗಳನ್ನು ತಿರುಗಿಸಿ ತೆಗೆದು, ಕಸ ತೊಳೆದು ಮತ್ತೆ ಹಾಕಿ.

ನಲ್ಲಿಗಳು ಸೀನುತ್ತಾ, ನಿಂತು ನಿಂತು ಬರುತ್ತಿದ್ದರೆ ಪೈಪಿನಲ್ಲಿ ಗಾಳಿ ಕಟ್ಟಿದೆ. ಟ್ಯಾಂಕು ಮುಕ್ಕಾಲು ತುಂಬಿಸಿ, ಅತ್ಯಂತ ಕೆಳಗಿನ ನಲ್ಲಿಯನ್ನು ಪೂರ್ತಿ ತೆರೆದು ಐದು ನಿಮಿಷ ಬಿಡಿ. ಬಗ್ಗದಿದ್ದರೆ ಚೆನ್ನಾಗಿ ಬರುವ ನಲ್ಲಿಗೂ ಕಟ್ಟಿದ ನಲ್ಲಿಗೂ ನಡುವೆ ಹೋಸ್ ಸಿಕ್ಕಿಸಿ ಎರಡನ್ನೂ ತೆರೆಯಿರಿ, ಒತ್ತಡಕ್ಕೆ ಗಾಳಿ ಮೇಲಕ್ಕೆ ಹೊರಟುಹೋಗುತ್ತದೆ. ಸೋಲಾರ್ ವಾಲ್ವನ್ನು ಎಲ್ಲಕ್ಕಿಂತ ಕೊನೆಯಲ್ಲಿ, ಕ್ಲೋರಿನ್ ನೀರು ಪೂರ್ತಿ ಹೋದ ಮೇಲೆ ತೆರೆಯಿರಿ.

ನೀರು ಸರಿಯಾಗಿದೆಯೇ

ಟಿಡಿಎಸ್ ಮೀಟರ್ ಅದ್ದಿ ನೀರು ಶುದ್ಧ ಎನ್ನುವವರು ಬೀದಿಗೆ ಒಬ್ಬರಾದರೂ ಇದ್ದಾರೆ. ಅದು ಕರಗಿದ ಲವಣ ಅಳೆಯುತ್ತದೆಯೇ ಹೊರತು ರೋಗಾಣುವನ್ನಲ್ಲ. ಕ್ಲೋರಿನ್ ನೋಡುವ ಸಣ್ಣ ಕಿಟ್ ಸಿಗುತ್ತದೆ. ಹನಿ ಹಾಕಿದಾಗ ಬರುವ ಬಣ್ಣವನ್ನು ಪಟ್ಟಿಗೆ ಹೋಲಿಸಿದರೆ, ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಎಂಬುದು ಕುಡಿಯುವ ನೀರಿನ ಭಾರತೀಯ ಮಾನದಂಡ. ರೋಗಾಣು ಇದೆಯೇ ಎಂಬ ಅನುಮಾನಕ್ಕೆ ಎಚ್‌ಟುಎಸ್ ಬಾಟಲಿ ಪರೀಕ್ಷೆ ಇದೆ. ನೀರು ತುಂಬಿಸಿ ಬೆಚ್ಚನೆಯ ಜಾಗದಲ್ಲಿಟ್ಟಾಗ 24ರಿಂದ 48 ಗಂಟೆಯಲ್ಲಿ ಕಪ್ಪಾದರೆ ಆ ನೀರನ್ನು ಕುದಿಸದೆ ಕುಡಿಯಬೇಡಿ.

ಬೋರು, ಟ್ಯಾಂಕರ್ ಅಥವಾ ಮಳೆ ನೀರು ಸಂಪಿಗೆ ಬಿಟ್ಟಾಗ 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಪೌಡರಿನ ತಿಳಿ ಬೆರೆಸಿ, ಒಂದು ಗಂಟೆ ಬಿಟ್ಟು ಬಳಸಿ. ಕಾವೇರಿ, ಕಬಿನಿ ನೀರು ನೇರವಾಗಿ ಬರುವಾಗ ಇದು ಬೇಡ.

ಕೆಲಸವನ್ನು ಕೂಲಿಗೆ ಕೊಡುವುದಾದರೆ ಮೂರು ಮಾತು ಮೊದಲೇ ಕೇಳಿ: ಎಷ್ಟು ಜನ ಬರುತ್ತಾರೆ, ಒಳಗೆ ಗಾಳಿ ಹಾಕಲು ಏನು ತರುತ್ತಾರೆ, ಯಾವ ಔಷಧಿ ಬಳಸುತ್ತಾರೆ. ಒಬ್ಬನೇ ಬರುತ್ತೇನೆ, ಆಸಿಡ್ ಹಾಕುತ್ತೇನೆ ಎಂದವರಿಗೆ ಕೊಡಬೇಡಿ. ಯುವಿ ಲೈಟನ್ನು ನಾಲ್ಕು ನಿಮಿಷ ತೋರಿಸಿ ಹೆಚ್ಚು ಹಣ ಕೇಳುವ ತಂಡಗಳಿವೆ. ಬೆಳಕು ಬಿದ್ದ ಜಾಗದಲ್ಲಷ್ಟೇ ಅದರ ಕೆಲಸ, ಮೂಲೆ ನೆರಳಿನಲ್ಲಿ ಇಲ್ಲ, ಆಮೇಲೆ ಬರುವ ನೀರಿಗೆ ಅದರ ರಕ್ಷಣೆಯೂ ಇಲ್ಲ.

ಕೊನೆಯ ಕೆಲಸ ಮುಚ್ಚಳದ್ದು. ಸಂಪಿನ ಬಾಯಿಯ ಸುತ್ತ ನೆಲಕ್ಕಿಂತ ನಾಲ್ಕರಿಂದ ಆರು ಅಂಗುಲ ಎತ್ತರದ ಕಟ್ಟೆ ಕಟ್ಟಿಸಿ. ಗಾಡಿ ಹತ್ತುವ ಜಾಗವಾದರೆ ಕಟ್ಟೆ ಆಗದು, ಆಗ ಚೌಕಟ್ಟಿಗೆ ರಬ್ಬರ್ ಪಟ್ಟಿ ಇರುವ, ಗಾಡಿಯ ಭಾರ ತಡೆಯುವ ಮುಚ್ಚಳ ಹಾಕಿಸಿ. ತುಕ್ಕು ಹಿಡಿದು ತೂತಾದ ತಗಡಿನ ಮುಚ್ಚಳವನ್ನು ಪೇಂಟು ಬಳಿದು ಮುಂದುವರಿಸಬೇಡಿ. ಮಕ್ಕಳಿರುವ ಮನೆಯಲ್ಲಿ ಬೀಗ ಕಡ್ಡಾಯ. ಹೊಸ ಮುಚ್ಚಳ ಕೂತ ಮೇಲೆ ಅದರ ಮೇಲೆ ಎರಡು ಬಕೆಟ್ ನೀರು ಸುರಿದು, ತೆರೆದು ಟಾರ್ಚ್ ಹಾಕಿ. ಅಂಚಿನ ಕೆಳಗೆ ಒಂದು ಹನಿ ಕಂಡರೂ ಮಾಡಿದವರನ್ನು ಕರೆಸಿ ಅಂದೇ ಸರಿ ಮಾಡಿಸಿಕೊಳ್ಳಿ, ಹಣ ಅದಾದ ಮೇಲೆ ಕೊಡಿ.